ಬೆನ್ನ ಹಿಂದಿನ ಸೋಫಾ

“ವೀಸಾ ಕೇಳಿದ್ರೆ ಈ ಕಪ್ಪು ಡಬ್ಬಿ ತಂದದ್ದಾ ನೀವು? ಇದನ್ನು ಕಣ್ಣಿಗೆ ಕಟ್ಟಿಕೊಂಡು ನಾನೇನು ಮೀನು ಕೊಯ್ಬೇಕಾ?”

“ಡಬ್ಬಿ ಅಲ್ಲ ಮಾರಾಯ್ತಿ, ವಿ.ಆರ್. ಒಳಗೆ ಮೊಬೈಲ್ ಇಟ್ಟು ಕಟ್ಟಿದ್ರೆ ದುಬೈಯಲ್ಲೇ ಇದ್ದ ಹಾಗೆ ಆಗ್ತದೆ.”

“ಹಾಗಾದ್ರೆ ನೀವೇ ಕಟ್ಟಿಕೊಂಡು ಇಲ್ಲೇ ಊರಲ್ಲಿ, ಮೆಲ್ಕಾರಿನಲ್ಲಿ ಇರಿ. ವಿಮಾನದ ಖರ್ಚೂ ಉಳೀತದೆ.”

ಉಮ್ಮರ್ ಹಲ್ಲು ಕಚ್ಚಿದ. ಆ ವರ್ಷ ಗಲ್ಫಿನಿಂದ ರಜೆಗೆ ಬಂದವರ ಕೈಯಲ್ಲೆಲ್ಲ ಇದೇ ಇತ್ತು, ಹಿಂದೆ ಟೇಪ್ ರೆಕಾರ್ಡರ್ ಇದ್ದ ಹಾಗೆ. ಉಳಿದವರು ಅದರಲ್ಲಿ ಮಕ್ಕಳಿಗೆ ತಿಮಿಂಗಿಲ ತೋರಿಸಿದರು. ಉಮ್ಮರನಿಗೆ ಹೆಂಡತಿಯ ಬಾಯಿ ಮುಚ್ಚಿಸಬೇಕಿತ್ತು. ಮದುವೆಯಾದಂದಿನಿಂದ ಜುಲೈಕಾಳದ್ದು ಒಂದೇ ಮಾತು, ನನ್ನನ್ನೂ ಕರೆದುಕೊಂಡು ಹೋಗಿ ಎಂದು. ಅವನದ್ದೂ ಒಂದೇ ಉತ್ತರ: ಒಂದು ಕೋಣೆ, ಎಂಟು ಗಂಡಸರು, ನಿನ್ನನ್ನು ಎಲ್ಲಿಡಲಿ? ಈ ಸಲ ಸಾಕ್ಷಿಯನ್ನೇ ಹೊತ್ತು ತಂದಿದ್ದ.

ಅವಳ ತಲೆಗೆ ಡಬ್ಬಿಯ ಪಟ್ಟಿ ಬಿಗಿದ. ಎದುರಿಗೆ ಒಂದರ ಮೇಲೊಂದು ಕಬ್ಬಿಣದ ಮಂಚ, ಅದರ ತುಂಬ ಲುಂಗಿ ಉಟ್ಟ ಗಂಡಸರು. ಜುಲೈಕಾಳ ಸ್ವರ ಇಳಿಯಿತು. “ಪಾಪ, ಇಷ್ಟು ಇಕ್ಕಟ್ಟಾ?”

“ಮತ್ತೆ? ನಾನು ಸುಳ್ಳು ಹೇಳ್ತೇನಾ?”

ಸೆಕೆಗೋ ಏನೋ, ಅವಳು ಎದ್ದು ಹಿಂದಕ್ಕೆ ತಿರುಗಿದಳು. ಹಾಗೇ ನಿಂತಳು.

“ಹಿಂದೆ ದೊಡ್ಡ ಹಾಲ್ ಉಂಟು. ಊಟದ ಮೇಜು, ಫ್ರಿಡ್ಜ್ ಎಲ್ಲ ಉಂಟು. ಆಚೆ ಕೋಣೆಯಲ್ಲಿ ಜೋಡಿ ಮಂಚ. ಸೋಫಾದಲ್ಲಿ ನೀವು ಕಾಲು ಚಾಚಿ ಚಾ ಕುಡೀತಾ ಇದ್ದೀರಿ. ಒತ್ತಿ ಕೂತ್ಕೊಳ್ಳಿ ಅಂತ ಆ ಗಂಡಸರಿಗೆ ಕೈ ಮಾಡ್ತಾ ಇದ್ದೀರಿ.”

ಮಂಚ, ಗಂಡಸರು, ಕ್ಯಾಮೆರಾ, ಎಲ್ಲವನ್ನೂ ಕಡ ತಂದು ಮಾಡಿದ್ದ ವಿಡಿಯೊ ಅದು. ಆ ಕ್ಯಾಮೆರಾ ಸುತ್ತಲೂ ನೋಡುತ್ತದೆಂದು ಯಾರೂ ಹೇಳಿರಲಿಲ್ಲ. ದುಬೈಯಲ್ಲಿ ಒಮ್ಮೆ ಕಟ್ಟಿ ನೋಡಿದ್ದೂ ನೇರ ಕೂತೇ. ಹಿಂದೆ ತಿರುಗಿ ನೋಡುವ ಅಭ್ಯಾಸ ಉಮ್ಮರನಿಗೆ ಮೊದಲಿನಿಂದಲೂ ಇಲ್ಲ.

“ಯಾಕೆ ಹೀಗೆ ಮಾಡಿದ್ರಿ?”

“ವರ್ಷವಿಡೀ ದುಡಿಯುವವನಿಗೆ ಒಂದಿಷ್ಟು ನೆಮ್ಮದಿ ಬೇಡ್ವಾ?” ಎಂದುಬಿಟ್ಟ. ಆ ರಜೆಯಲ್ಲಿ ಅವನು ಆಡಿದ ನಿಜ ಅದೊಂದೇ.

ಜುಲೈಕಾ ಡಬ್ಬಿ ಬಿಚ್ಚಿ ಅವನ ಕೈಗಿಟ್ಟು ಒಳಗೆ ಹೋದಳು. ಉಮ್ಮರ್ ಅದನ್ನು ಕಟ್ಟಿಕೊಂಡು ಹಿಂದಕ್ಕೆ ತಿರುಗಿದ. “ಇದಾ? ಇದು ಪಕ್ಕದ ರೂಮಿನವರ ಸೋಫಾ ಮಾರಾಯ್ತಿ. ಮೇಜು ಬಾಡಿಗೆಯದ್ದು,” ಎಂದು ಗಾಳಿಯಲ್ಲಿ ಬೆರಳು ತೋರಿಸಿ ಒಂದೊಂದನ್ನೇ ವಿವರಿಸತೊಡಗಿದ. ಆ ಬೆರಳಿನ ಮುಂದಿನಿಂದಲೇ ಬುರ್ಖಾ ತೊಟ್ಟು, ಚೀಲ ಹಿಡಿದು ಅವಳು ಮೆಟ್ಟಿಲಿಳಿದಳು.

ಮಾಣಿ ಎಂಬ ಊರಿನ ತವರುಮನೆಗೆ ಅವಳನ್ನು ಬಿಟ್ಟ ರಿಕ್ಷಾ ಖಾಲಿಯಾಗಿ ಮರಳಿತು. ಉಮ್ಮರ್ ಆಗಷ್ಟೇ ಫ್ರಿಡ್ಜಿನ ವಿಷಯಕ್ಕೆ ಬಂದಿದ್ದ.