ಮೊದಲ ರೋಗಿ

ಬೆಳಿಗ್ಗೆ ಏಳೂವರೆ. ನೀಲಾವತಿಯ ಶಸ್ತ್ರಚಿಕಿತ್ಸೆ ರದ್ದಾಯಿತು.

ಸ್ತನ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಅವಳ ಬಲಗೈ ಊದಿಕೊಂಡು, ಬೀಡಿ ಸುತ್ತಲು ಬೆರಳು ಮಡಚುತ್ತಿರಲಿಲ್ಲ. ಕೈಯಲ್ಲಿ ಕಟ್ಟಿನಿಂತ ನೀರು ಹರಿದುಹೋಗುವಂತೆ, ಕೂದಲಿನಷ್ಟು ಸಪೂರದ ನಾಳಗಳನ್ನು ಸೂಕ್ಷ್ಮದರ್ಶಕದಡಿ ರಕ್ತನಾಳಕ್ಕೆ ಹೊಲಿಯುವ ಹೊಸ ವಿಭಾಗ ವಿಟ್ಲದ ಆ ಖಾಸಗಿ ಆಸ್ಪತ್ರೆಯಲ್ಲಿ ಅಂದು ಸಚಿವರಿಂದ ಉದ್ಘಾಟನೆಯಾಗಲಿತ್ತು. ಮೊದಲ ರೋಗಿ ಅವಳೇ.

ಮಂಗಳೂರಿನಿಂದ ಬಂದ ಸರ್ಜನ್ ಫಾಯಿಝಾ ಹೊದಿಕೆ ಸರಿಸಿದರು. ಬಲಗೈ ಕೆಂಪಾಗಿ ಸುಡುತ್ತಿತ್ತು. ಅದೇ ಕೈಗೆ ಡ್ರಿಪ್.

"ಈ ಕೈಗೆ ಸೂಜಿ ಚುಚ್ಚಿದ್ದು ಯಾರು? ಬಿಪಿ ಪಟ್ಟಿ ಸಹ ಕಟ್ಟಬಾರದು ಅಂತ ಹೇಳಿ ಹೋಗಿದ್ದೆನಲ್ಲ!"

ನರ್ಸ್ ತಲೆ ತಗ್ಗಿಸಿದಳು. ನೀಲಾವತಿಯೇ ಹೇಳಿದಳು: "ನಾನು ಬೇಡ ಹೇಳಿದೆ ಡಾಕ್ಟ್ರೇ. ಎಡಗೈ ಉಂಟಲ್ಲ, ಅದಕ್ಕೆ ಹಾಕಿ ಅಂದೆ. ಅದು ಗೋಡೆ ಬದಿಗೆ ಹೋಗ್ತದೆ, ಫೋಟೊದಲ್ಲಿ ಕಾಣುವುದಿಲ್ಲ ಅಂದ್ರು."

"ನಾನೇ ಹೇಳಿದ್ದು ಮೇಡಂ," ಎಂದರು ಆಡಳಿತ ಮಂಡಳಿಯ ಅಧ್ಯಕ್ಷ ಶೀನಪ್ಪ. ಎದೆಯ ಮೇಲೆ ಆಗಲೇ ಬ್ಯಾಡ್ಜ್ ಇತ್ತು. "ನಿನ್ನೆ ಪೇಪರಿಗೆ ಫೋಟೊ ಕೊಡ್ಲಿಕ್ಕಿತ್ತು. ಡ್ರಿಪ್ ಇಲ್ಲದೆ ಮಲಗಿದ್ರೆ ಪೇಷಂಟ್ ಅಂತ ಯಾರಿಗೆ ಗೊತ್ತಾಗ್ತದೆ? ಒಂದು ಸೂಜಿಗೆ ಇಷ್ಟು ಬೊಬ್ಬೆಯಾ?"

"ಸೋಂಕಾಗಿದೆ. ಜ್ವರ ಉಂಟು. ಇವತ್ತು ಈ ಕೈ ಕೊಯ್ದರೆ ಜೀವಕ್ಕೇ ಅಪಾಯ."

"ಸಚಿವರು ಮಂಗಳೂರು ಬಿಟ್ಟಾಯ್ತು, ಮಾರಾಯ್ರೆ. ಸಣ್ಣ ಒಂದು ಗೀರು ಹಾಕಿ ಬಿಡಿ. ಉಳಿದದ್ದು ಮತ್ತೆ ನೋಡುವ."

"ಗೀರು ನಿಮ್ಮ ಕೈಗೇ ಹಾಕ್ಲಾ? ಸಚಿವರಿಗೆ ಅದೂ ಕಾಣ್ತದೆ."

ಶೀನಪ್ಪನವರು ಬಾಗಿಲು ದೂಡಿ ಹೊರಗೆ ಹೋದರು.

"ಹಾಗಾದ್ರೆ ನನ್ನ ಕೈ ಯಾವಾಗ ಡಾಕ್ಟ್ರೇ?"

"ಮೊದಲು ಸೋಂಕು ಇಳಿಯಬೇಕು. ಊತ ಇನ್ನೂ ಜಾಸ್ತಿ ಆದ್ರೂ ಆಗಬಹುದು. ಆಮೇಲೆ ಹೊಲಿದು ಪ್ರಯೋಜನ ಉಂಟಾ ಅಂತ ಈಗ ಹೇಳ್ಲಿಕ್ಕೆ ಆಗುವುದಿಲ್ಲ, ನೀಲಾವತಿ."

ನೀಲಾವತಿ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಫಾಯಿಝಾ ತಾವೇ ಸೂಜಿ ತೆಗೆದು, ಅವಳನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಮಂಗಳೂರಿಗೆ ಹೊರಟರು.

ಹತ್ತು ಗಂಟೆಗೆ ಸಚಿವರು ಟೇಪು ಕತ್ತರಿಸಿ ಒಳಗೆ ಬಂದರು. ಮಂಚದ ಮೇಲೆ ಆಸ್ಪತ್ರೆಯ ಆಯಾ ರುಖಿಯಮ್ಮ ಬಲಗೈಗೆ ದಪ್ಪ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದರು. ಸಚಿವರು ಅವರಿಗೆ ಹಣ್ಣಿನ ಬುಟ್ಟಿ ಕೊಟ್ಟು, ನೋವು ಹೇಗಿದೆ ಎಂದು ವಿಚಾರಿಸಿದರು.