ಹಿತ್ತಾಳೆಯ ಹೆಸರು

ದೂಮಣ್ಣನ ಅಲ್ಯೂಮಿನಿಯಂ ದೋಣಿಯೊಳಗೆ ನೀರು ಬರತೊಡಗಿತು. ರಿಪೇರಿಯವನು ಮುಂಭಾಗದ ಹಿತ್ತಾಳೆ ಫಲಕವನ್ನು ತೋರಿಸಿದ. “ಉಪ್ಪುನೀರಲ್ಲಿ ಹಿತ್ತಾಳೆ ತಾಗಿಕೊಂಡೇ ಇದ್ರೆ ಅಲ್ಯೂಮಿನಿಯಂ ಸವೆದು ತೂತಾಗ್ತದೆ ಮಾರಾಯ್ರೆ. ಇದನ್ನು ತೆಗೀಲೇಬೇಕು.”

ಮದುವೆಯಾದ ವರ್ಷ ಹೆಂಡತಿ ಜಲಜಾಕ್ಷಿಯ ಹೆಸರು ಕೆತ್ತಿಸಿ, ಆಸೆಪಟ್ಟು ತಾನೇ ಕೂರಿಸಿದ ಫಲಕ ಅದು. ಮನೆಗೆ ಬಂದವನು ಊಟ ಮುಟ್ಟದೆ ಕೂತ.

“ಎಂತ ಆಯ್ತು?” ಎಂದಳು ಜಲಜಾಕ್ಷಿ.

“ದೋಣಿಯಿಂದ ನಿನ್ನ ಹೆಸರು ತೆಗೀಬೇಕಂತೆ,” ಎಂದ ತಲೆ ತಗ್ಗಿಸಿ. “ಬೇಜಾರು ಮಾಡ್ಬೇಡ.”

“ಈಗಲೇ ತೆಗೀರಿ! ನಿಮಗೆ ಓದ್ಲಿಕ್ಕೆ ಬರುವುದಿಲ್ಲ, ಹೇಳಿದ್ರೆ ನೋವಾಗ್ತದೆ ಅಂತ ಸುಮ್ಮನಿದ್ದೆ. ಕೆತ್ತಿದವ ಗುಡಿಸು ಬಿಟ್ಟು ‘ಜಲಜಾಕ್ಷ’ ಮಾಡಿಟ್ಟಿದ್ದಾನೆ. ಎರಡು ವರ್ಷದಿಂದ ಮೀನು ಮಾರ್ಕೆಟ್ಟಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದೇ ಜಲಜಾಕ್ಷಣ್ಣ ಅಂತ!”