ಕೈ ಮಾತ್ರ ಕಾಣಲಿ

ಮತ್ತೆ ಶಬ್ದ ನಿಂತಿತು.

ಪರದೆಯ ಮೇಲೆ ಚಿತ್ರ ಮಾತ್ರ ಓಡುತ್ತಿತ್ತು. ಹೊಲಿಗೆ ಮೇಜಿನ ಮೇಲೆ ಮಗುವಿನ ಬಲ ಅಂಗೈ. ಅದರ ಬೆರಳುಗಳನ್ನು ಹಿಂದಕ್ಕೆ ಹಿಗ್ಗಿಸುತ್ತಿರುವ ಎರಡು ದೊಡ್ಡ ಕೈಗಳು. ಫಿಸಿಯೋ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಏನೂ ಕೇಳಿಸಲಿಲ್ಲ.

"ಏನೋ ಒತ್ತಿಹೋಯ್ತು ಮೇಡಂ," ಎಂದ ಮಗುವಿನ ಅಪ್ಪ, ದರ್ಜಿ, ವ್ಯಾಯಾಮ ಮುಗಿದು ಶಬ್ದ ಮರಳಿದ ಮೇಲೆ.

ಏನೋ ಒತ್ತಿಹೋಗುವುದು ಯಾವಾಗಲೂ ನೋವು ಶುರುವಾಗುವ ಹೊತ್ತಿಗೇ. ಫಿಸಿಯೋಳ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಆಸ್ಪತ್ರೆಯ ಹಿಂಬದಿಯಲ್ಲಿ, ಬ್ಯಾಂಡೇಜಿನ ಪೆಟ್ಟಿಗೆಗಳ ನಡುವೆ ಅವಳದೊಂದು ಕುರ್ಚಿ, ಒಂದು ಕಂಪ್ಯೂಟರ್. ಸುಟ್ಟಗಾಯ ಮಾಗಿ ಮನೆಗೆ ಹೋದ ಪುಟ್ಟ ಮಕ್ಕಳಿಗೆ ಅಲ್ಲಿಂದಲೇ ವಿಡಿಯೋ ಕರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದಳು. ಮಕ್ಕಳ ಮುಖ ಅವಳಿಗೆ ಗೊತ್ತಿರಲಿಲ್ಲ. ಕೈ ಗೊತ್ತಿತ್ತು, ಮೊಣಕೈ ಗೊತ್ತಿತ್ತು, ಕುತ್ತಿಗೆ ಗೊತ್ತಿತ್ತು. ಮೊದಮೊದಲು ಕರುಳು ಚುರ್ ಎನ್ನುತ್ತಿತ್ತು. ಈಗ ಏನೂ ಅನ್ನಿಸುತ್ತಿರಲಿಲ್ಲ. ಕೆಲಸಕ್ಕೆ ಅದೇ ಅನುಕೂಲ ಎಂದುಕೊಂಡಿದ್ದಳು.

ದರ್ಜಿಗೂ ಮೊದಲ ದಿನ ಎಲ್ಲರಿಗೂ ಹೇಳುವುದನ್ನೇ ಗಡಗಡ ಒಪ್ಪಿಸಿದ್ದಳು. ಉಗುರು ಕತ್ತರಿಸ್ಕೊಳ್ಳಿ. ಉಂಗುರ ತೆಗೀರಿ. ಫೋನಿನಲ್ಲಿ ಕೈ ಮಾತ್ರ ಕಾಣಲಿ, ಮುಖ ಬೇಡ. ಸುಟ್ಟ ಕಲೆ ಬೆಳ್ಳಗಾಗೋ ತನಕ ಹಿಗ್ಗಿಸಿ, ಇಲ್ಲದಿದ್ರೆ ಮುಷ್ಟಿ ಹಾಗೇ ಮುಚ್ಚಿಕೊಳ್ಳುತ್ತೆ. ಅಳು, ರಂಪ ಬೇಡ. ಅಳೋ ಮನೇಲಿ ಇದು ನಡೆಯಲ್ಲ, ಮಗೂನ ವಾಪಸ್ ವಾರ್ಡಿಗೇ ಕರೆಸ್ಕೋಬೇಕಾಗುತ್ತೆ. ದರ್ಜಿ ಎಲ್ಲಕ್ಕೂ "ಹೂಂ ಮೇಡಂ" ಎಂದಿದ್ದ. ಅವನ ತೊಡೆಯ ಮೇಲೆ ಕೂತಿದ್ದ ಮಗಳೂ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನಾಲ್ಕು ವರ್ಷದ ಆ ಮಗುವನ್ನು ಅವನು ಗುಂಡಿ ಎಂದು ಕರೆಯುತ್ತಿದ್ದ. ಅಂಗಿಯ ಗುಂಡಿ. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅಪ್ಪ, ಮಗಳು, ಒಂದು ಹೊಲಿಗೆ ಯಂತ್ರ, ಸಂಸಾರವೆಂದರೆ ಅಷ್ಟೇ.

ಸುಟ್ಟಿದ್ದು ಇಸ್ತ್ರಿ ಪೆಟ್ಟಿಗೆಯಿಂದ. ಮಗು ತಾನೇ ಹೋಗಿ ಮುಟ್ಟಿತಂತೆ. ಇಡೀ ಅಂಗೈ ಹೀಗೆ ಒಂದೇ ಸಮ ಸುಟ್ಟಿದ್ದನ್ನು ಫಿಸಿಯೋ ಹಿಂದೆಯೂ ಕಂಡಿದ್ದಳು. ಕೆಲವು ಮಕ್ಕಳು ತಾವೇ ಮುಟ್ಟಿರಲಿಲ್ಲ.

ಆ ಅನುಮಾನ ಹೊಕ್ಕಂದಿನಿಂದ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದಳು. ಹಿಗ್ಗಿಸುವಾಗ ಯಾವ ಮಗುವಾದರೂ ಕೈ ಕಿತ್ತುಕೊಳ್ಳುತ್ತದೆ. ಈ ಕೈ ಅಲುಗುತ್ತಿರಲಿಲ್ಲ. ನಡುಗುತ್ತಿದ್ದುದು ದರ್ಜಿಯ ಕೈ. ಕುಡುಕನಿರಬೇಕು ಎಂದುಕೊಂಡಳು. ಒಂದು ದಿನ ಮಗುವಿನ ಎಡಗೈ ಚೌಕಟ್ಟಿನಿಂದ ಮಾಯವಾಯಿತು, ಮರುಕ್ಷಣ ಶಬ್ದ ನಿಂತಿತು. ಇನ್ನೊಂದು ದಿನ ಹನಿಯೊಂದು ಆ ದೊಡ್ಡ ಕೈಯ ಮೇಲೆ ಟಪ್ಪನೆ ಬಿತ್ತು. ದರ್ಜಿ ಅದನ್ನು ಒರೆಸಿಕೊಳ್ಳಲೂ ಇಲ್ಲ.

ಇಂದು ಶಬ್ದ ನಿಲ್ಲುವ ಮೊದಲು ಬಿಕ್ಕಿದ ಸದ್ದೊಂದು ಕೇಳಿತ್ತು. ಹಿಂದೆಯೇ ಒಂದು ಪಿಸುಮಾತು.

"ಶ್! ಬಾಯ್ಮುಚ್ಕೋ. ಅವ್ರಿಗೆ ಕೇಳ್ಸತ್ತೆ."

ಫಿಸಿಯೋ ಮಕ್ಕಳ ರಕ್ಷಣಾಧಿಕಾರಿಗೆ ಫೋನು ಮಾಡಿದಳು. ಒಂದು ಮಗುವನ್ನು ಅಪ್ಪನಿಂದ ಬಿಡಿಸುವ ಮಾತನ್ನು ಮುಲಾಮು ತರಿಸುವ ದನಿಯಲ್ಲೇ ಹೇಳಿ ಮುಗಿಸಿದಳು.

ಮರುದಿನ ಅಧಿಕಾರಿ ಅವಳ ಪಕ್ಕದಲ್ಲೇ ಬಂದು ಕೂತರು. ನಡುವಯಸ್ಸಿನ ಹೆಂಗಸು, ಇಂಥವನ್ನು ಸಾಕಷ್ಟು ಕಂಡ ಮುಖ. "ಕಣ್ಣಾರೆ ಕಂಡ್ರೆ ಸಾಕು. ಸಂಜೆ ಒಳಗೆ ಮಗೂನ ಕರ್ಕೊಂಡ್ ಬರ್ತೀವಿ," ಎಂದರು. ಹೊರಗೆ ಅವರ ಜೀಪು ಕಾಯುತ್ತಿತ್ತು.

ವಿಡಿಯೋ ಕರೆ ಶುರುವಾಯಿತು. ಅದೇ ಮೇಜು, ಅದೇ ಅಂಗೈ.

"ಇವತ್ತು ಕೈ ಮಾತ್ರ ಸಾಲಲ್ಲ," ಎಂದಳು ಫಿಸಿಯೋ. "ಫೋನನ್ನ ಎದುರಿನ ಗೋಡೆ ಹತ್ರ ಇಡಿ. ಇಬ್ಬರ ಮುಖನೂ ಕಾಣ್ಬೇಕು."

ದರ್ಜಿ ತಡವರಿಸಿದ. "ಮುಖ ಯಾಕೆ ಮೇಡಂ? ನೀವೇ ಬೇಡ ಅಂದಿದ್ರಿ."

"ಈಗ ಬೇಕು ಅಂತಿದ್ದೀನಿ."

ಅಧಿಕಾರಿ ಫಿಸಿಯೋಳತ್ತ ನೋಡಿ ತಲೆಯಾಡಿಸಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ.

ಚಿತ್ರ ಅಲ್ಲಾಡಿ, ಉರುಳಿ, ಕೊನೆಗೆ ನಿಂತಿತು. ಬಟ್ಟೆಯ ಚೂರುಗಳ ರಾಶಿ, ಹೊಲಿಗೆ ಯಂತ್ರ, ಕಪಾಟಿನ ನೆತ್ತಿಯ ಮೇಲೆ ಮಗುವಿಗೆ ಎಟುಕದಂತೆ ಏರಿಸಿಟ್ಟ ಇಸ್ತ್ರಿ ಪೆಟ್ಟಿಗೆ. ಮೇಜಿನ ಮುಂದೆ ದರ್ಜಿ, ತೊಡೆಯ ಮೇಲೆ ಮಗಳು. ಅವನು ತಲೆ ಎತ್ತಿರಲಿಲ್ಲ.

"ಶುರು ಮಾಡಿ."

ಬೆರಳುಗಳು ಹಿಂದಕ್ಕೆ ಬಾಗಿದವು. ಕಲೆ ಬೆಳ್ಳಗಾಗತೊಡಗಿತು. ಬಿಕ್ಕಿದ ಸದ್ದು ಕೇಳಿತು. ಕೂಡಲೇ ಮಗುವಿನ ಎಡಗೈ ಫೋನಿಗಾಗಿ ಮುಂದೆ ಚಾಚಿತು. ಫೋನು ದೂರವಿತ್ತು. ಆ ಪುಟ್ಟ ಕೈ ಗಾಳಿಯಲ್ಲಿ ಒಂದು ಕ್ಷಣ ತಡಕಾಡಿ, ಹಿಂದಕ್ಕೆ ತಿರುಗಿ, ಅಪ್ಪನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು.

ಮಗುವಿನ ಕಣ್ಣು ಒಣಗಿತ್ತು. ದರ್ಜಿಯ ಮುಖವೆಲ್ಲ ಒದ್ದೆಯಾಗಿತ್ತು.

"ನಾಳೆಯಿಂದ ಅಪ್ಪ ಅಳಲ್ಲ ಮೇಡಂ," ಎಂದಳು ಗುಂಡಿ. "ನನ್ನನ್ನ ವಾಪಸ್ ಕರೆಸ್ಕೋಬೇಡಿ."